ಮಳೆಗಾಲ ದಾಟುವ ಅಂಟು ಯಾವುದು? ಗೋಂದಿನಿಂದ ಅರಾಲ್ಡೈಟ್‌ವರೆಗೆ ಒಂದು ಹೋಲಿಕೆ

ತೀರ್ಥಹಳ್ಳಿಯದ್ದಾಗಲಿ, ಸಾಗರದ್ದಾಗಲಿ, ಯಾವುದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಒಂದು ಗಮ್ ಕೊಡಿ" ಅಂತ ಕೇಳಿ ನೋಡಿ. "ಯಾವುದಕ್ಕೆ ಮಾರಾಯ್ರೆ?" ಅಂತ ಅಂಗಡಿಯವರು ತಿರುಗಿ ಕೇಳುತ್ತಾರೆ. ನಮ್ಮ ಕಡೆ ಗಮ್ ಅಂದರೆ ಮಕ್ಕಳ ಪುಸ್ತಕಕ್ಕೆ ಹಚ್ಚುವ ಗೋಂದೂ ಆಗಬಹುದು, ಬಡಗಿಯ ಬಿಳಿ ಫೆವಿಕಾಲೂ ಆಗಬಹುದು, ತೋಟದ ಪೈಪಿಗೆ ಹಾಕುವ ಸಾಲ್ವೆಂಟೂ ಆಗಬಹುದು. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕಾಲವಾದರೆ ಔಷಧಿಗೆ ಬೆರೆಸುವ ಅಂಟನ್ನೂ ಅದೇ ಹೆಸರಿನಲ್ಲಿ ಕೇಳುತ್ತಾರೆ. ಹೆಸರು ಒಂದೇ, ಸಾಮಾನು ನಾಲ್ಕು. ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ.

ಆದರೆ "ಯಾವುದಕ್ಕೆ" ಅನ್ನುವ ಪ್ರಶ್ನೆಯೊಂದೇ ಮಲೆನಾಡಿಗೆ ಸಾಲದು. ಅಂಟಿಸಿದ ವಸ್ತು ಎಲ್ಲಿರುತ್ತದೆ, ಅದಕ್ಕೆ ಎಷ್ಟು ತೇವ ತಾಗುತ್ತದೆ ಅನ್ನುವುದನ್ನೂ ನೋಡಬೇಕು. ಶಿವಮೊಗ್ಗ ಪೇಟೆಯಲ್ಲಿ ವರ್ಷಗಟ್ಟಲೆ ಬಾಳುವ ಕುರ್ಚಿಯ ಕೀಲು ಆಗುಂಬೆಯಲ್ಲಿ ಬೇಗ ಸಡಿಲವಾಗಬಹುದು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆ, ಬಟ್ಟೆ, ಪುಸ್ತಕ ಎಲ್ಲವೂ ತಂಡಿ ಹಿಡಿದಿರುತ್ತವೆ. ಡಬ್ಬಿಯ ಮೇಲೆ ಬರೆದ ಒಣಗುವ ಹೊತ್ತು ಈ ಗಾಳಿಯನ್ನು ನೋಡಿ ಬರೆದದ್ದಲ್ಲ.

ಹಾಗಾಗಿ ನಾನು ಆಯ್ಕೆ ಮಾಡುವುದು ಬೇರೆ ದಾರಿಯಲ್ಲಿ. ಈ ಅಂಟು ಗಟ್ಟಿಯಾಗುವುದು ಹೇಗೆ? ಗಟ್ಟಿಯಾದ ಮೇಲೆ ನೀರಿನ ಜೊತೆ ಹೇಗಿರುತ್ತದೆ? ಈ ಎರಡಕ್ಕೆ ಉತ್ತರ ಸಿಕ್ಕರೆ ಯಾವ ಬ್ರ್ಯಾಂಡ್ ಅನ್ನುವುದು ಆಮೇಲಿನ ಮಾತು.

ಗೋಂದು ಬೇರೆ, ರಾಳ ಬೇರೆ

ಹಳಬರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಿತ್ತು. ಮರದಿಂದ ಒಸರುವುದೆಲ್ಲ ನೋಡಲು ಒಂದೇ ಥರ ಅನ್ನಿಸುತ್ತದೆ. ಆದರೆ ಜಾಲಿ ಮರದ್ದು, ಗೇರು ಮರದ್ದು ಗೋಂದು. ಧೂಪದ ಮರದ್ದು, ಹಾಲುಮಡ್ಡಿ ಮರದ್ದು ರಾಳದ ಜಾತಿ. ಎರಡನ್ನೂ ಒಂದೊಂದು ಚೂರು ತಂದು ರಾತ್ರಿ ನೀರಿನಲ್ಲಿ ಹಾಕಿಡಿ. ಬೆಳಿಗ್ಗೆ ನೋಡಿದರೆ ಗೋಂದು ಊದಿಕೊಂಡು ಲೋಳೆಯಾಗಿರುತ್ತದೆ, ರಾಳ ಹಾಕಿದ ಹಾಗೇ ಇರುತ್ತದೆ. ಗೋಂದು ಸಕ್ಕರೆಯ ಕಣಗಳೇ ಉದ್ದಕ್ಕೆ ಸರಪಳಿಯಾಗಿ ಸೇರಿ ಆದದ್ದು. ಅದಕ್ಕೆ ನೀರು ಅಂದರೆ ಇಷ್ಟ. ರಾಳಕ್ಕೆ ನೀರು ಹಿಡಿಸುವುದಿಲ್ಲ. ಅದು ಕರಗುವುದು ಎಣ್ಣೆಯಲ್ಲಿ, ಸ್ಪಿರಿಟ್‌ನಲ್ಲಿ. ಬೆಂಕಿಗೆ ಹಿಡಿದರೂ ಕರಗುತ್ತದೆ, ಧೂಪವಾಗಿ ಉರಿಯುತ್ತದೆ.

ಇವೆರಡರ ನಡುವೆ ಇನ್ನೂ ಕೆಲವು ಇವೆ. ಹಲಸಿನ ಮೇಣ ಮರದ ಹಾಲು. ಅದು ಗೋಂದೂ ಅಲ್ಲ, ಪೂರ್ತಿ ರಾಳವೂ ಅಲ್ಲ. ನೀರಿಗೆ ಜಗ್ಗುವುದಿಲ್ಲ, ಕೊಬ್ಬರಿ ಎಣ್ಣೆಗೆ ಬಿಡುತ್ತದೆ. ಹಲಸಿನ ಹಣ್ಣು ಬಿಡಿಸುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರುವುದು ಅದಕ್ಕೇ ಅಲ್ವಾ. ಅರಗು ಮರದ್ದಲ್ಲ, ಕೊಂಬೆಯ ಮೇಲೆ ಕೂತು ರಸ ಹೀರುವ ಒಂದು ಹುಳದ್ದು. ಅದೂ ನೀರಿಗೆ ಕರಗುವುದಿಲ್ಲ, ಬಿಸಿಗೆ ಕರಗುತ್ತದೆ. ಸರೇಸು ಪ್ರಾಣಿಗಳ ಚರ್ಮ, ಎಲುಬು ಕುದಿಸಿ ಮಾಡಿದ್ದು. ಬಿಸಿ ನೀರಿನಲ್ಲಿ ಕರಗಿಸಿ ಹಚ್ಚುವಂಥದ್ದು, ತಂಡಿಗೆ ಮತ್ತೆ ಮೆತ್ತಗಾಗುವಂಥದ್ದು. ಇನ್ನು ಚಳ್ಳೆಹಣ್ಣಿನ ತಿರುಳು, ಬಿಲ್ವದ ಕಾಯಿಯ ಒಳಗಿನ ಲೋಳೆ ಎರಡೂ ಕಾಗದಕ್ಕೆ ಒಳ್ಳೆಯ ಗೋಂದು. ಚಳ್ಳೆಹಣ್ಣಿನ ಗುಣ ಗೊತ್ತಿಲ್ಲದವರು ಅದನ್ನು ಬೆರಳಲ್ಲಿ ಒಮ್ಮೆ ಹಿಸುಕಿ ನೋಡಿದರೆ ಸಾಕು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಇವತ್ತಿನ ಅಂಗಡಿಯ ಟ್ಯೂಬು, ಡಬ್ಬಿಗಳನ್ನೂ ಇದೇ ಲೆಕ್ಕದಲ್ಲಿ ಎರಡು ಪಾಲು ಮಾಡಬಹುದು. ನೀರು ಆರಿ ಗಟ್ಟಿಯಾಗುವ ಬಿಳಿ ಫೆವಿಕಾಲ್, ಮೈದಾ ಅಂಟು, ಬಾಟಲಿ ಗಮ್ ಇವೆಲ್ಲ ಗೋಂದಿನ ಕಡೆಯವು. ಎರಡು ಭಾಗ ಕಲಸಿ ಹಚ್ಚುವ ಅರಾಲ್ಡೈಟ್, ಎಂ-ಸೀಲ್, ಸಮುದ್ರದ ದೋಣಿಗೂ ಆಗುವ ಪ್ಲೈವುಡ್‌ನ ಒಳಗಿನ ಅಂಟು ಇವು ರಾಳದ ಕಡೆಯವು. ಮಳೆಗೆ ಒಡ್ಡುವ ಕೆಲಸಕ್ಕೆ ಗೋಂದಿನ ಕಡೆಯದ್ದನ್ನು ಹಾಕಬೇಡಿ. ಮುಂದೆ ಬಿಚ್ಚಬೇಕಾದ ಕೆಲಸಕ್ಕೆ ಅರಾಲ್ಡೈಟ್ ಹಾಕಬೇಡಿ. ಅರ್ಧ ತಲೆನೋವು ಇಲ್ಲಿಗೇ ಮುಗಿಯುತ್ತದೆ.

ಕಾಗದ, ಪುಸ್ತಕ

ಇಲ್ಲಿ ಮೈದಾ ಅಂಟನ್ನು ಕೀಳಾಗಿ ನೋಡಬೇಡಿ. ಒಂದು ಲೋಟ ಮೈದಾಕ್ಕೆ ನಾಲ್ಕೈದು ಲೋಟ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕುದಿಸಿ. ಬಿಳಿ ಬಣ್ಣ ಹೋಗಿ ಗಾಜಿನ ಹಾಗೆ ಮಿರುಗತೊಡಗಿದಾಗ ಇಳಿಸಿ. ದೀಪಾವಳಿಯ ಆಕಾಶಬುಟ್ಟಿಗೆ, ಗೋಡೆಯ ಪೋಸ್ಟರಿಗೆ, ರಟ್ಟಿನ ಕೆಲಸಕ್ಕೆ ಇದಕ್ಕಿಂತ ಅಗ್ಗದ್ದು, ಇದಕ್ಕಿಂತ ಸುಲಭದ್ದು ಇಲ್ಲ.

ಇದರ ತೊಂದರೆ ಬೂಸ್ಟು. ಮಳೆಗಾಲದಲ್ಲಿ ಮೈದಾ ಅಂಟು ಹಚ್ಚಿದ ರಟ್ಟಿಗೆ ಕೆಲವೇ ದಿನದಲ್ಲಿ ಹಸಿರು, ಕಪ್ಪು ಚುಕ್ಕೆ ಬರುತ್ತದೆ. ಜಿರಳೆ, ಬೆಳ್ಳಿಹುಳಕ್ಕೂ ಅದು ಊಟ. ಹಿಂದಿನ ಬೈಂಡಿಂಗಿನವರು ಅಂಟು ಕುದಿಸುವಾಗ ಒಂದು ಚಿಟಿಕೆ ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಹಾಕುತ್ತಿದ್ದರು. ಅಡಿಕೆ ಬೆಳೆಯುವವರ ಮನೆಯಲ್ಲಿ ಮೈಲುತುತ್ತಕ್ಕೆ ಬರವಿಲ್ಲ. ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿಯಂತೆ ಹಾಕುವುದು ಅದನ್ನೇ. ಶಿಲೀಂಧ್ರವನ್ನು ಅಡಿಕೆ ಗೊನೆಯಲ್ಲಿ ತಡೆಯುವ ತಾಮ್ರ ಪುಸ್ತಕದಲ್ಲೂ ತಡೆಯುತ್ತದೆ. ಆದರೆ ಅದು ವಿಷ. ಚಿಕ್ಕ ಮಕ್ಕಳ ಕೈಗೆ, ಬಾಯಿಗೆ ಹೋಗುವ ಯಾವುದಕ್ಕೂ ಬೇಡ. ಮೈಲುತುತ್ತ ಬೆರೆಸಿದ ಅಂಟನ್ನು ಅಡುಗೆ ಪಾತ್ರೆಯಲ್ಲಿ ಕುದಿಸುವುದೂ ಬೇಡ.

ಬಿಳಿ ಫೆವಿಕಾಲನ್ನು ಸ್ವಲ್ಪ ನೀರು ಬೆರೆಸಿ ತೆಳ್ಳಗೆ ಮಾಡಿಕೊಂಡರೆ ಶಾಲೆಯ ಪುಸ್ತಕದ ಬೆನ್ನಿಗೆ ಚೆನ್ನಾಗಿ ಹಿಡಿಯುತ್ತದೆ, ಬೂಸ್ಟೂ ಕಡಿಮೆ. ಹಾಗಾದರೆ ಎಲ್ಲಕ್ಕೂ ಅದನ್ನೇ ಹಾಕಬಾರದೇಕೆ? ಒಂದು ಕಾರಣ ಇದೆ. ಮನೆಯಲ್ಲಿ ಅಜ್ಜನ ಕಾಲದ ಲೆಕ್ಕದ ಪುಸ್ತಕ, ಪಹಣಿ ಪತ್ರ, ಜಾತಕ, ಹಳೆಯ ಪಂಚಾಂಗ ಇದ್ದರೆ ಅದಕ್ಕೆ ಫೆವಿಕಾಲ್ ತಾಗಿಸಬೇಡಿ. ಒಣಗಿದ ಫೆವಿಕಾಲ್ ಕಾಗದದ ನಾರಿನ ಒಳಗೆ ಪ್ಲಾಸ್ಟಿಕ್ಕಾಗಿ ಕೂತುಬಿಡುತ್ತದೆ. ನಾಳೆ ಯಾರಾದರೂ ತಿಳಿದವರು ಅದನ್ನು ಸರಿಮಾಡಲು ಹೊರಟರೂ ಬಿಡಿಸಲಾಗುವುದಿಲ್ಲ, ಕಾಗದವೇ ಹರಿಯುತ್ತದೆ. ಮೈದಾ ಅಥವಾ ಅಕ್ಕಿ ಗಂಜಿಯ ಅಂಟಾದರೆ ಒದ್ದೆ ಬಟ್ಟೆ ಇಟ್ಟು ನಿಧಾನಕ್ಕೆ ಬಿಡಿಸಬಹುದು. ಹಳೆಯ ಕಾಗದದ ಮಟ್ಟಿಗೆ ನೀರಿಗೆ ಬಿಡುವ ಗುಣವೇ ದೊಡ್ಡ ಗುಣ. ಸೆಲ್ಲೋಟೇಪ್ ಅಂತೂ ಬೇಡವೇ ಬೇಡ. ಟೇಪು ಕಳಚಿ ಬೀಳುತ್ತದೆ, ಅದರ ಅಂಟು ಮಾತ್ರ ಹಳದಿ ಕಲೆಯಾಗಿ ಅಕ್ಷರದ ಮೇಲೆ ಉಳಿಯುತ್ತದೆ.

ಈ ಕೆಲಸವನ್ನು ಮಳೆಗಾಲದಲ್ಲಿ ಮಾಡುವುದಕ್ಕಿಂತ ಡಿಸೆಂಬರ್, ಜನವರಿಯ ಒಣ ಬಿಸಿಲಿಗೆ ಕಾಯುವುದೇ ಒಳ್ಳೆಯದು.

ಮರ

ಬಡಗಿಗಳ ಸರೇಸಿನ ಜಾಗವನ್ನು ನಮ್ಮ ದೇಶದಲ್ಲಿ ತೆಗೆದುಕೊಂಡದ್ದು ಫೆವಿಕಾಲ್. ಅದು ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ಬೆಂಕಿ ಬೇಡ, ಕುದಿಸುವುದು ಬೇಡ, ವಾಸನೆಯಿಲ್ಲ. ಇವತ್ತಿಗೂ ಮನೆಯೊಳಗಿನ ಮರದ ಕೆಲಸಕ್ಕೆ ನಾನು ಮೊದಲು ಹೇಳುವುದು ಬಿಳಿ ಫೆವಿಕಾಲನ್ನೇ. ಸರಿಯಾಗಿ ಕೂತ ಕೀಲಿಗೆ ಹಚ್ಚಿ, ಕ್ಲ್ಯಾಂಪು ಹಾಕಿ ಬಿಗಿದರೆ ಆಮೇಲೆ ಮರ ಸೀಳೀತು, ಕೀಲು ಬಿಡದು.

ಇದು ಗಟ್ಟಿಯಾಗಬೇಕಾದರೆ ಒಳಗಿನ ನೀರು ಮರಕ್ಕೋ ಗಾಳಿಗೋ ಹೋಗಬೇಕು. ಜುಲೈ ತಿಂಗಳಲ್ಲಿ ಮರವೂ ಒದ್ದೆ, ಗಾಳಿಯೂ ಒದ್ದೆ. ನೀರು ಹೋಗುವುದೆಲ್ಲಿಗೆ? ಆಗ ಡಬ್ಬಿಯ ಮೇಲಿನ ಹೊತ್ತನ್ನು ನಂಬದೆ ಕ್ಲ್ಯಾಂಪನ್ನು ಅದರ ಎರಡರಷ್ಟು ಹೊತ್ತು ಬಿಡಿ. ಒಲೆಯ ಮೇಲಿನ ಅಟ್ಟ ಇರುವ ಮನೆಯಾದರೆ ಮರವನ್ನು ಮೊದಲು ಅಲ್ಲಿಟ್ಟು ಒಣಗಿಸಿಕೊಳ್ಳಿ, ಅಂಟಿಸಿದ ಮೇಲೂ ಅಲ್ಲೇ ಇಡಿ. ಅಡಿಕೆ ಡ್ರೈಯರ್ ಇದ್ದವರು ಅದರ ಹತ್ತಿರ ಇಡಬಹುದು. ತೀರಾ ಬಿಸಿಗೆ ಒಡ್ಡಿದರೆ ಮರ ಸೊಟ್ಟಗಾಗುತ್ತದೆ, ಅದೊಂದು ಎಚ್ಚರ ಇರಲಿ.

ಹಲಸು, ಮತ್ತಿ, ಹೊನ್ನೆ ಫೆವಿಕಾಲಿಗೆ ಹೊಂದಿಕೊಳ್ಳುತ್ತವೆ. ಸಾಗುವಾನಿಗೆ ಮಾತ್ರ ಒಂದು ಕೆಲಸ ಜಾಸ್ತಿ. ಅದರೊಳಗೆ ಎಣ್ಣೆಯ ಅಂಶ ಇದೆ. ಹೊಸದಾಗಿ ಉಜ್ಜಿ, ಥಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಅಂಟು ಹಚ್ಚಬೇಕು. ಬಾಗಿಲು, ಕಿಟಕಿಯ ಹೊರಮುಖ, ಜಗಲಿಯ ಬೆಂಚು, ತುಳಸಿಕಟ್ಟೆಯ ಹತ್ತಿರದ ಮಣೆ ಇಂಥವಕ್ಕೆ ಸಾದಾ ಬಿಳಿ ಫೆವಿಕಾಲ್ ಬೇಡ. ನೀರು ತಡೆಯುವ ಬಗೆ ಅಂತಲೇ ಬರುತ್ತದೆ, ಫೆವಿಕಾಲ್ ಮರೀನ್ ಥರದ್ದು. ಬೆಲೆ ಜಾಸ್ತಿ. ಆದರೆ ಎರಡನೇ ಸಲ ಬಡಗಿಯನ್ನು ಕರೆಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಪ್ಲೈವುಡ್ ಕೊಳ್ಳುವಾಗ ನಾವು ಮರವನ್ನು ನೋಡುತ್ತೇವೆ, ಪದರಗಳ ನಡುವಿನ ಅಂಟನ್ನು ನೋಡುವುದಿಲ್ಲ. ಮಲೆನಾಡಿನಲ್ಲಿ ನೋಡಬೇಕಾದದ್ದು ಅದನ್ನೇ. ಹಲಗೆಯ ಮೇಲೆ ಎಂಆರ್ ಅಂತ ಮುದ್ರೆ ಇದ್ದರೆ ಒಳಗಿರುವುದು ಸಾಮಾನ್ಯವಾಗಿ ಯೂರಿಯಾ ಅಂಟು. ಅದು ಒಂದಿಷ್ಟು ತೇವ ತಡೆದೀತು, ನೀರನ್ನಲ್ಲ. ಬಿಡಬ್ಲ್ಯುಪಿ, ಐಎಸ್ 710 ಅಂತ ಇದ್ದರೆ ಫೀನಾಲ್ ಅಂಟು, ಕುದಿಯುವ ನೀರಿನ ಪರೀಕ್ಷೆಗೂ ನಿಲ್ಲುವಂಥದ್ದು. ಅಡುಗೆಮನೆ, ಬಚ್ಚಲಿನ ಹತ್ತಿರದ ಕಪಾಟು, ತಂಡಿ ಹತ್ತುವ ಗೋಡೆಗೆ ತಾಗಿದ ವಾರ್ಡ್‌ರೋಬು ಮೂರಕ್ಕೂ ಎರಡನೆಯದೇ ಆಗಬೇಕು. ಕೊಯ್ದ ಅಂಚುಗಳಿಗೆ ಪೇಂಟೋ ಪಟ್ಟಿಯೋ ಹಾಕಿಸುವುದನ್ನು ಬಿಡಬೇಡಿ, ನೀರು ಒಳಗೆ ಹೋಗುವುದು ಅಲ್ಲಿಂದ.

ಕತ್ತಿಯ ಹಿಡಿ

ಇದು ಚಿಕ್ಕ ವಿಷಯ, ಆದರೆ ತೋಟದ ಮನೆಯವರಿಗೆ ದಿನದ ವಿಷಯ. ಹಿಡಿ ಸಡಿಲಾದ ಕತ್ತಿಗೆ ಅರಗೋ ಅರಾಲ್ಡೈಟೋ? ಗಟ್ಟಿತನ ನೋಡಿದರೆ ಅರಾಲ್ಡೈಟ್ ಮೇಲು. ಆದರೂ ನನ್ನ ಓಟು ಅರಗಿಗೆ. ಹಿಡಿಯ ತೂತಿಗೆ ಅರಗಿನ ಪುಡಿ ತುಂಬಿ, ಕತ್ತಿಯ ಬಾಲವನ್ನು ಕಾಯಿಸಿ ಒತ್ತಿದರೆ ಅರಗು ಕರಗಿ ಸುತ್ತಲೂ ತುಂಬಿಕೊಳ್ಳುತ್ತದೆ, ಆರಿದಾಗ ಕಚ್ಚಿಕೊಳ್ಳುತ್ತದೆ. ಹಿಡಿ ಒಡೆದರೆ ಮತ್ತೆ ಕಾಯಿಸಿ ಎಳೆದು ಹೊಸ ಹಿಡಿ ಹಾಕಬಹುದು. ಕತ್ತಿಯ ಆಯಸ್ಸು ಹಿಡಿಗಿಂತ ದೊಡ್ಡದು, ಹಿಡಿಯನ್ನು ಬದಲಾಯಿಸಲೇಬೇಕಾಗುತ್ತದೆ. ಅರಾಲ್ಡೈಟ್ ಹಾಕಿದರೆ ಹಿಡಿಯನ್ನು ಸೀಳಿ ಕೆರೆದು ತೆಗೆಯಬೇಕು.

ಅರಾಲ್ಡೈಟ್, ಎಂ-ಸೀಲ್

ಎರಡೂ ಎಪಾಕ್ಸಿ. ಒಂದು ಎರಡು ಟ್ಯೂಬಿನ ಅಂಟು, ಇನ್ನೊಂದು ಕಣಕದ ಹಾಗೆ ನಾದುವಂಥದ್ದು. ಇವು ಒಣಗಿ ಗಟ್ಟಿಯಾಗುವುದಲ್ಲ. ಎರಡು ಭಾಗ ಸೇರಿ ರಾಸಾಯನಿಕವಾಗಿ ಹೊಸದೇ ಒಂದು ವಸ್ತುವಾಗುತ್ತವೆ. ಅದಕ್ಕೆ ಗಾಳಿ ಬೇಡ, ಬಿಸಿಲು ಬೇಡ. ಗಾಜು, ಕಲ್ಲು, ಲೋಹ, ಪಿಂಗಾಣಿ, ಮರ ಎಲ್ಲಕ್ಕೂ ಹಿಡಿಯುತ್ತವೆ, ನಡುವೆ ಸಂದಿ ಇದ್ದರೂ ತುಂಬಿಕೊಳ್ಳುತ್ತವೆ.

ಆದರೆ ಎರಡನ್ನೂ ಅಳತೆ ತಪ್ಪದೆ, ಬಣ್ಣ ಒಂದೇ ಆಗುವವರೆಗೆ ಕಲಸಬೇಕು. ಒಂದು ಭಾಗ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅನ್ನುವುದು ಸುಳ್ಳು. ಅದು ಯಾವತ್ತಿಗೂ ಗಟ್ಟಿಯಾಗದೆ ಜಿಗುಟಾಗಿಯೇ ಉಳಿಯುತ್ತದೆ. ಚಳಿಗೆ ಇದು ನಿಧಾನ. ಡಿಸೆಂಬರಿನ ರಾತ್ರಿ ಹಚ್ಚಿದ್ದನ್ನು ಬೆಳಿಗ್ಗೆಯೇ ಎತ್ತಿ ನೋಡಬೇಡಿ, ಸಾದಾ ಅರಾಲ್ಡೈಟಿಗೆ ಪೂರ್ತಿ ಒಂದು ದಿನ ಕೊಡಿ. ಮಳೆಗಾಲದಲ್ಲಿ ಹಚ್ಚುವ ಜಾಗವನ್ನು ಒರೆಸಿ, ಸ್ವಲ್ಪ ಬಿಸಿ ಮಾಡಿಕೊಂಡು ಹಚ್ಚಿ. ತೇವ ತಾಗಿದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಚರ್ಮಕ್ಕೆ ಇದು ಒಳ್ಳೆಯದಲ್ಲ, ಕೈಗವಸು ಹಾಕಿಕೊಳ್ಳಿ.

ಫೆವಿಕ್ವಿಕ್ ಥರದ ಒಂದು ಹನಿ ಅಂಟು

ನಮ್ಮ ಹವೆಯಲ್ಲಿ ಇದರ ಸ್ವಭಾವವೇ ಉಲ್ಟಾ. ಉಳಿದ ಅಂಟುಗಳಿಗೆ ತೇವ ಅಡ್ಡಿ, ಇದಕ್ಕೆ ತೇವವೇ ಬೇಕು. ಇದರ ರಾಸಾಯನಿಕದ ಹೆಸರು ಸಯನೋಅಕ್ರಿಲೇಟ್. ಇದು ಮೊದಲು ಸಿಕ್ಕಿದ್ದು 1942ರಲ್ಲಿ, ಅಮೆರಿಕದ ಹ್ಯಾರಿ ಕೂವರ್ ಅನ್ನುವ ರಸಾಯನ ವಿಜ್ಞಾನಿಯ ತಂಡಕ್ಕೆ. ಅವರಿಗೆ ಬೇಕಾಗಿದ್ದದ್ದು ಬಂದೂಕಿನ ಗುರಿಗಾಜಿಗೆ ಪಾರದರ್ಶಕ ಪ್ಲಾಸ್ಟಿಕ್. ಇದು ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತದೆ ಅಂತ ಆಗ ಬದಿಗಿಟ್ಟರು. ಅಂಟಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ. ವಸ್ತುವಿನ ಮೇಲಿರುವ ಕಣ್ಣಿಗೆ ಕಾಣದಷ್ಟು ತೇವ ತಾಗಿದ ಕೂಡಲೇ ಅದು ಗಟ್ಟಿಯಾಗತೊಡಗುತ್ತದೆ.

ಹಾಗಾಗಿ ಮಳೆಗಾಲದಲ್ಲಿ ಇದು ಇನ್ನೂ ಚುರುಕು. ತೆರೆದ ಟ್ಯೂಬು ಹಾಳಾಗುವುದೂ ಅಷ್ಟೇ ಚುರುಕು. ಚಿಕ್ಕ ಟ್ಯೂಬನ್ನೇ ಕೊಳ್ಳಿ. ಉಳಿದರೆ ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಡಬ್ಬಿಗಳಲ್ಲಿ ಬರುವ ತೇವ ಹೀರುವ ಪೊಟ್ಟಣದ ಜೊತೆ ಇಡಿ. ಸಣ್ಣ ಬಿರುಕಿಗೆ, ಎರಡು ಅಂಚು ಸರಿಯಾಗಿ ಕೂಡುವ ಕಡೆಗೆ ಇದು ಒಳ್ಳೆಯದು. ಬಾಗುವ, ಬಳುಕುವ, ಬಿಸಿನೀರು ತಾಗುವ ಜಾಗಕ್ಕೆ ಬೇಡ. ಹತ್ತಿ ಬಟ್ಟೆಯ ಮೇಲೆ ಚೆಲ್ಲಿದರೆ ಚರ್ಮ ಸುಡುವಷ್ಟು ಬಿಸಿಯಾಗಬಹುದು. ಬೆರಳು ಅಂಟಿಕೊಂಡರೆ ಎಳೆಯಬೇಡಿ, ಬೆಚ್ಚನೆಯ ಸೋಪಿನ ನೀರಲ್ಲಿ ನೆನೆಸಿ ನಿಧಾನಕ್ಕೆ ಬಿಡಿಸಿ. ಕಣ್ಣಿಗೆ ಹೋದರೆ ರೆಪ್ಪೆಯನ್ನು ಬಲವಂತವಾಗಿ ಬಿಡಿಸದೆ, ಬೆಚ್ಚನೆಯ ನೀರಿನಿಂದ ಚೆನ್ನಾಗಿ ತೊಳೆದು ಕೂಡಲೇ ಡಾಕ್ಟರ ಹತ್ತಿರ ಹೋಗಿ.

ಪೈಪು, ಬಕೆಟ್ಟು, ಚಪ್ಪಲಿ

ಪಿವಿಸಿ ಪೈಪಿಗೆ ಹಾಕುವ ಸಾಲ್ವೆಂಟ್ ಅಂಟುಗಳ ಸಾಲಿಗೆ ಸೇರುವುದೇ ಇಲ್ಲ ಅನ್ನಬಹುದು. ಅದು ಎರಡೂ ಪೈಪಿನ ಮೈಯನ್ನು ಕರಗಿಸಿ ಒಂದು ಮಾಡುತ್ತದೆ. ಅದಕ್ಕೇ ಆ ಕೀಲು ನೀರಿನ ಒತ್ತಡ ತಡೆಯುವುದು. ಪೈಪು ಒದ್ದೆಯಿದ್ದರೆ, ಮಣ್ಣು ಮೆತ್ತಿದ್ದರೆ ಕೂಡುವುದಿಲ್ಲ. ಒರೆಸಿ, ಹಚ್ಚಿ, ಸ್ವಲ್ಪ ತಿರುಗಿಸಿ ಒತ್ತಿ ಹಿಡಿಯಿರಿ. ಕೂಡಲೇ ಮೋಟರ್ ಹಾಕಬೇಡಿ.

ಗುಡ್ಡದಿಂದ ಅಬ್ಬಿ ನೀರು ತರುವ ಕರಿ ಪೈಪಿಗೆ ಇದನ್ನು ಹಚ್ಚಿ ದುಡ್ಡು ಹಾಳು ಮಾಡಬೇಡಿ. ಕರಿ ಪೈಪು ಪಾಲಿಥೀನ್. ಸಾಲ್ವೆಂಟ್ ಅದನ್ನು ಕರಗಿಸುವುದಿಲ್ಲ, ಫೆವಿಕ್ವಿಕ್ ಹಿಡಿಯುವುದಿಲ್ಲ, ಎಂ-ಸೀಲ್ ಮೆತ್ತಿದರೂ ಸಿಪ್ಪೆಯ ಹಾಗೆ ಏಳುತ್ತದೆ. ಒಡೆದ ಜಾಗ ಕೊಯ್ದು ಜಾಯಿಂಟರ್ ಹಾಕಿ ಕ್ಲ್ಯಾಂಪ್ ಬಿಗಿಯಬೇಕು, ಇಲ್ಲವೇ ಬಿಸಿ ಮಾಡಿ ಕೂಡಿಸಬೇಕು. ಪ್ಲಾಸ್ಟಿಕ್ ಬಕೆಟ್, ಕುರ್ಚಿಗಳದ್ದೂ ಇದೇ ಕತೆ. ತಳದಲ್ಲಿ ತ್ರಿಕೋನದ ಒಳಗೆ 2 ಅಥವಾ 5 ಅಂತ ಇದ್ದರೆ ಮನೆಯಲ್ಲಿರುವ ಯಾವ ಅಂಟೂ ಅದಕ್ಕೆ ಗಟ್ಟಿಯಾಗಿ ಹಿಡಿಯುವುದಿಲ್ಲ.

ಚಪ್ಪಲಿಗೆ, ರಬ್ಬರಿಗೆ ರಬ್ಬರ್ ಸೊಲ್ಯೂಷನ್. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಜೋಡಿಸಿ ಬಲವಾಗಿ ತಟ್ಟಬೇಕು. ಹಸಿ ಇರುವಾಗಲೇ ಜೋಡಿಸಿದರೆ ಬಿಡುತ್ತದೆ. ಗದ್ದೆ, ತೋಟಕ್ಕೆ ಹಾಕುವ ಚಪ್ಪಲಿಯಾದರೆ ಅಂಟಿನ ಜೊತೆ ನಾಲ್ಕು ಹೊಲಿಗೆಯನ್ನೂ ಹಾಕಿಸಿಬಿಡಿ.

ಕೊಳೆ ಔಷಧಿಗೆ ಹಾಕುವ ಅಂಟು

ಇದು ಎರಡು ವಸ್ತುವನ್ನು ಜೋಡಿಸುವ ಅಂಟಲ್ಲ. ಬೋರ್ಡೋ ದ್ರಾವಣ ಅಡಿಕೆಯ ನುಣುಪಾದ ಮೈಯ ಮೇಲೆ ಹನಿಹನಿಯಾಗಿ ಜಾರದೆ ತೆಳ್ಳಗೆ ಹರಡಬೇಕು, ಆರಿದ ಮೇಲೆ ಮಳೆಗೆ ತೊಳೆದು ಹೋಗಬಾರದು. ಅದಕ್ಕೆ ರಾಳವನ್ನು ಸೋಡಾ ಜೊತೆ ಕುದಿಸಿ ಮಾಡಿದ ದ್ರಾವಣವನ್ನು ಬೆರೆಸುವ ಪದ್ಧತಿ ಇದೆ. ಸೋಡಾ ಸೇರಿದ್ದರಿಂದ ರಾಳ ನೀರಿನಲ್ಲಿ ಬೆರೆಯುತ್ತದೆ, ಗೊನೆಯ ಮೇಲೆ ಆರಿದ ಮೇಲೆ ಮಳೆಗೆ ಬಿಡದೆ ಕೂರುತ್ತದೆ. ಈಗ ಸಿದ್ಧ ಬಾಟಲಿಗಳೂ ಸಿಗುತ್ತವೆ. ಅಳತೆಯನ್ನು ಬಾಟಲಿಯ ಮೇಲೆ ನೋಡಿಯೇ ಹಾಕಿ. ಬಿಳಿ ಫೆವಿಕಾಲನ್ನು ಇದಕ್ಕೆ ಬೆರೆಸಬೇಡಿ, ಅದು ಸ್ಪ್ರೇಯರಿನ ನಾಜಲ್‌ನಲ್ಲಿ ಕಟ್ಟಿಕೊಳ್ಳುತ್ತದೆ.

ಸೋರುವ ಕಡೆ

ಲೋಹದ ನಲ್ಲಿ, ಲೋಹದ ಟ್ಯಾಂಕು, ಸಿಮೆಂಟ್ ತೊಟ್ಟಿಯ ಬಿರುಕಿಗೆ ಎಂ-ಸೀಲ್ ಸರಿ. ಅಲುಗಾಡುವ ಜಾಗಕ್ಕೆ ಸರಿಯಲ್ಲ, ಅದು ಕಲ್ಲಿನಷ್ಟು ಗಟ್ಟಿ, ಬಾಗುವುದಿಲ್ಲ. ಕಿಟಕಿಯ ಗಾಜು, ಶೀಟಿನ ಜೋಡಣೆಯಂಥ ಕಡೆ ಬಿಸಿಲಿಗೆ ಹಿಗ್ಗಿ ಮಳೆಗೆ ಕುಗ್ಗುವುದು ಇದ್ದೇ ಇರುತ್ತದೆ. ಅಲ್ಲಿ ಸಿಲಿಕೋನ್ ಹಾಕಿ. ಸಿಲಿಕೋನ್ ಕೂಡ ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ, ಆದರೆ ಹಚ್ಚುವ ಮೈ ಒಣಗಿರಬೇಕು. ವಿನೆಗರ್ ವಾಸನೆ ಬರುವ ಬಗೆ ತಗಡನ್ನೂ ತಾಮ್ರವನ್ನೂ ತಿನ್ನುತ್ತದೆ. ತಗಡಿನ ಮಾಡಿಗೆ ನ್ಯೂಟ್ರಲ್ ಅಂತ ಬರೆದದ್ದನ್ನು ಕೇಳಿ ತನ್ನಿ.

ತೂತು ಬಿದ್ದ ಕೊಡ, ಪಾತ್ರೆಗೆ ಹಿಂದೆ ಹಲಸಿನ ಮೇಣ ಕಾಯಿಸಿ ಮೆತ್ತುತ್ತಿದ್ದರು. ತಣ್ಣೀರಿನ ಕೊಡಕ್ಕೆ, ಹಟ್ಟಿಯ ಬಾನಿಗೆ ಅದು ಈಗಲೂ ನಡೆಯುತ್ತದೆ. ಬಚ್ಚಲ ಒಲೆಯ ಮೇಲೆ ಕೂರುವ ತಾಮ್ರದ ಹಂಡೆಗೆ ಮಾತ್ರ ಮೇಣವೂ ಬೇಡ, ಎಂ-ಸೀಲೂ ಬೇಡ, ಅರಾಲ್ಡೈಟೂ ಬೇಡ. ಬೆಂಕಿಗೆ ಎಲ್ಲವೂ ಬಿಡುತ್ತವೆ. ಅದನ್ನು ಬೆಸುಗೆ ಹಾಕುವವರ ಹತ್ತಿರವೇ ಒಯ್ಯಬೇಕು.